ರೆಕ್ಕೆಯಮ್ಮನ ಅಂಚಿನಲ್ಲಿ ಬರೆದದ್ದು

ಬೀರೂರು, ಅಜ್ಜಂಪುರ, ಚಿಕ್ಕಮಗಳೂರು ಎಂದು ನಾಲ್ಕು ದಿನಗಳಿಗೆ ಹೊಂದಿಸಿಕೊಂಡು ಹೊರಟಿದ್ದ ಪ್ರವಾಸದಲ್ಲಿ ಬರೆದಿಡಬೇಕೆನಿಸಿದ್ದು ಒಂದೇ ಒಂದು ಮಧ್ಯಾಹ್ನ. ಮಿಕ್ಕ ದಿನಗಳ ಬೆಟ್ಟ, ಮಂಜು, ಕಾಫಿ ತೋಟಗಳನ್ನು ನನಗಿಂತ ಚೆನ್ನಾಗಿ ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವನ್ನು ಅವರಿಗೇ ಬಿಡುತ್ತೇನೆ.

ಮಹಾಯುದ್ಧದ ಪದಕಗಳನ್ನು ಸಂಗ್ರಹಿಸುವ ಚಟ ನನಗೆ ಅಂಟಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಹಳೆಯ ಬೀಗದ ಕೈಗಳ ರಾಶಿಯ ನಡುವೆ ಐದನೆಯ ಜಾರ್ಜ್ ದೊರೆಯ ತಲೆಯಿದ್ದ ಬೆಳ್ಳಿಯ ಬಿಲ್ಲೆಯೊಂದು ಕಣ್ಣಿಗೆ ಬಿತ್ತು. ವ್ಯಾಪಾರಿ ಅದನ್ನು ಬೆಳ್ಳಿಯ ತೂಕಕ್ಕೆ ಮಾರಿದ. ಮನೆಗೆ ತಂದು ತಿರುಗಿಸಿ ನೋಡಿದಾಗ ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಒಬ್ಬ ಮನುಷ್ಯನ ಸಂಖ್ಯೆ, ದರ್ಜೆ, ಹೆಸರು, ಪಲ್ಟನ್ನು ಕೆತ್ತಿದ್ದವು. ಆ ಬಗೆಯ ಬೆಳ್ಳಿ ಪದಕಗಳನ್ನು ಬ್ರಿಟಿಷ್ ಸಾಮ್ರಾಜ್ಯವು ಮೊದಲ ಮಹಾಯುದ್ಧದ ನಂತರ ಸುಮಾರು 65 ಲಕ್ಷ ಹಂಚಿತ್ತು. ಮುಖದಲ್ಲಿ ಎಲ್ಲವೂ ಒಂದೇ; ಅಂಚಿನಲ್ಲಿ ಮಾತ್ರ ಒಂದೊಂದೂ ಒಬ್ಬೊಬ್ಬನದು. ಅಂದಿನಿಂದ ನಾನು ಪದಕವನ್ನು ಕೈಗೆತ್ತಿಕೊಂಡರೆ ಮೊದಲು ಅಂಚನ್ನೇ ನೋಡುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನು ತನ್ನ ಸೈನಿಕರಿಗೆ ಪದಕಗಳನ್ನು ಹೆಸರು ಹಾಕದೆಯೇ ಕೊಟ್ಟುಬಿಟ್ಟಿತು. ಭಾರತೀಯ ಸೈನಿಕರ ಪದಕಗಳ ಅಂಚಿನಲ್ಲಾದರೋ ಹೆಸರನ್ನು ಒತ್ತಿಸುವ ಪದ್ಧತಿ ಉಳಿದುಕೊಂಡಿತು. ನಮ್ಮ ಪುಣ್ಯ ಎನ್ನಬೇಕು.

ಬೀರೂರಿನ ಆಚೆ, ಅಮೃತಮಹಲ್ ಕಾವಲಿನ, ಎಂದರೆ ದನಗಳಿಗೆ ಮೀಸಲಾದ ಹುಲ್ಲುಗಾವಲಿನ, ಅಂಚಿನಲ್ಲಿರುವ ಒಂದು ಹಳ್ಳಿಯ ಮನೆಯಲ್ಲಿ ‘ಹೈಫಾ ಯುದ್ಧದ ಮೆಡಲ್ಲು’ ಇದೆ ಎಂದು ಪರಿಚಿತರೊಬ್ಬರು ತಿಳಿಸಿದಾಗ ನನಗೆ ಎರಡು ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಎಂಬ ಎರಡು ಸಂಸ್ಥಾನಗಳ ರಾವುತರು, ಭರ್ಜಿ ಹಿಡಿದು, ತೋಪು ಮತ್ತು ಮೆಷಿನ್‌ಗನ್ನುಗಳ ಎದುರು ಕುದುರೆ ಓಡಿಸಿ, ಆಗಿನ ಪ್ಯಾಲೆಸ್ತೀನಿನ, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳತ್ತ ಹತ್ತಿದವರು ನಮ್ಮ ಮೈಸೂರಿನವರು. ಅಲ್ಲಿ ಇದ್ದ ಒಬ್ಬ ರಾವುತನ ಪದಕವನ್ನು, ಅದೂ ಅವನ ಮನೆಯವರ ಕೈಯಲ್ಲಿರುವಾಗಲೇ ನೋಡುವುದೆಂದರೆ ನನ್ನಂಥವನಿಗೆ ಅದಕ್ಕಿಂತ ದೊಡ್ಡ ಯಾತ್ರೆ ಬೇರೊಂದಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ರೈಲು ಹತ್ತಿ ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಬೀರೂರಿನಲ್ಲಿ ಇಳಿದೆ. ನಿಲ್ದಾಣದ ಹೊರಗೆ ಕುಡಿದ ಕಾಫಿ ಚಿಕೋರಿಯ ಕಷಾಯದಂತಿತ್ತು. ಕಾಫಿ ಬೆಳೆಯುವ ಜಿಲ್ಲೆಯಲ್ಲೇ ಇಂಥ ಕಾಫಿ ಸಿಗುವುದನ್ನು ನಾನು ಇನ್ನೂ ಕ್ಷಮಿಸಿಲ್ಲ. ಮನೆಯ ಯಜಮಾನರು, ನಲವತ್ತರ ಆಸುಪಾಸಿನ ರೈತರು, ತಮ್ಮ ಬೈಕಿನಲ್ಲಿ ಕರೆದೊಯ್ಯಲು ಬಂದಿದ್ದರು. ದಾರಿಯುದ್ದಕ್ಕೂ ಒಣಗಿದ ಹುಲ್ಲಿನ ಬಯಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ದನಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಸೈನ್ಯದ ಸಾಮಾನು, ತೋಪುಗಳನ್ನು ಎಳೆಯುವ ಎತ್ತುಗಳಿಗಾಗಿಯೇ ಇಂಥ ಕಾವಲುಗಳನ್ನು ಮೀಸಲಿಟ್ಟಿದ್ದರು. ಈ ಬಯಲನ್ನು ನೋಡುವಾಗಲೇ ನನಗೆ ಒಂದು ಸಂಶಯ ಬರಬೇಕಾಗಿತ್ತು. ಬರಲಿಲ್ಲ, ನನ್ನ ತಲೆಯ ತುಂಬ ಕುದುರೆಗಳೇ ಇದ್ದವು.

ಮನೆಯ ಜಗಲಿಯ ಮೇಲೆ, ಸೌದೆಯ ಒಟ್ಟಿಗೆ ಒರಗಿಸಿದಂತೆ ಆಳೆತ್ತರದ ಫ್ಲೆಕ್ಸ್ ಇತ್ತು. ಭರ್ಜಿ ಹಿಡಿದ ರಾವುತರ ಚಿತ್ರ, ಅದರ ಮೇಲೆ ‘ಹೈಫಾ ವೀರ’ ಎಂಬ ದೊಡ್ಡ ಅಕ್ಷರಗಳು, ಮೂಲೆಯಲ್ಲಿ ಪೇಟ ಸುತ್ತಿದ ಮುತ್ತಾತನ ಮಸುಕು ಫೋಟೋ. 2018ರಲ್ಲಿ, ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿಸಿದ ವರ್ಷ, ಪತ್ರಿಕೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಲೇಖನಗಳು ಬಂದವು; ಅವನ್ನು ಓದಿದ ಊರಿನ ಮೇಷ್ಟ್ರೊಬ್ಬರು, ನಿಮ್ಮ ಮುತ್ತಾತ ಮೈಸೂರು ದಂಡಿನಲ್ಲಿ ಇದ್ದವರಲ್ಲವೇ, ಹಾಗಾದರೆ ಹೈಫಾದವರೇ ಇರಬೇಕು ಎಂದರಂತೆ. ನವೆಂಬರಿನಲ್ಲಿ ಸನ್ಮಾನವಾಯಿತು, ಶಾಲು ಹೊದಿಸಿದರು, ಫ್ಲೆಕ್ಸ್ ಉಳಿಯಿತು.

ಪದಕ ಇದ್ದದ್ದು ದೇವರ ಗೂಡಿನಲ್ಲಿ. ಬೆಳ್ಳಿಯದಲ್ಲ, ಕಂಚಿನದು: ವಿಕ್ಟರಿ ಮೆಡಲ್ ಎನ್ನುತ್ತಾರಲ್ಲ, ಎರಡು ಕಾಮನಬಿಲ್ಲುಗಳನ್ನು ಅಕ್ಕಪಕ್ಕ ಹೊಂದಿಸಿದಂಥ ರಿಬ್ಬನ್ನಿನದು. ರಿಬ್ಬನ್ನು ಎಂದೋ ಹೋಗಿತ್ತು. ಮುಂಭಾಗದಲ್ಲಿ ರೆಕ್ಕೆ ಬಿಚ್ಚಿ ನಿಂತಿರುವ ವಿಜಯದೇವತೆಯನ್ನು ಈ ಮನೆಯವರು ‘ರೆಕ್ಕೆಯಮ್ಮ’ ಎಂದು ಕರೆಯುತ್ತಾರೆ. ಅವಳ ಹಣೆಗೆ ಕುಂಕುಮ ಇಟ್ಟಿದ್ದರು. ಪ್ರತಿ ವರ್ಷ ಆಯುಧ ಪೂಜೆಗೆ ದೀಪದ ಕಂಬಗಳ ಜೊತೆ ಅವಳಿಗೂ ಹುಣಸೆಹಣ್ಣಿನ ಸ್ನಾನವಾಗುತ್ತಿತ್ತಂತೆ. ಮುಖ, ಕೈ, ಬಟ್ಟೆಯ ಮಡಿಕೆ ಎಲ್ಲ ಸವೆದು ನುಣುಪಾಗಿದ್ದವು. ಅದಕ್ಕೆ ನನ್ನ ತಕರಾರಿಲ್ಲ. ನೂರು ವರ್ಷ ಪೂಜೆ ಮಾಡಿಸಿಕೊಂಡ ದೇವರು ಸವೆಯಲೇಬೇಕು. ಆದರೆ ಯಜಮಾನರು, ಬೆಂಗಳೂರಿನಿಂದ ಸಾಹೇಬರು ಬರುತ್ತಾರೆಂದು ಹಿಂದಿನ ದಿನವೇ ಅದನ್ನು ಇಟ್ಟಿಗೆ ಪುಡಿಯಲ್ಲಿ, ಅದರಲ್ಲೂ ಅಂಚನ್ನು, ಗಸಗಸ ತಿಕ್ಕಿ ಹೊಸ ಹಿತ್ತಾಳೆ ತಂಬಿಗೆಯಂತೆ ಫಳಫಳಿಸಿದ್ದರು. ನನ್ನ ಎದೆ ಧಸಕ್ಕೆಂದಿತು. ತಪ್ಪು ಅವರದಲ್ಲ, ನನ್ನದು. ಫೋನಿನಲ್ಲಿ ಒಂದು ಮಾತು ಹೇಳಬಹುದಿತ್ತು. ಆದ್ದರಿಂದ ಈ ದಾರಿಗೆ ಬರುವವರು ಮೊದಲೇ ಹೇಳಿಬಿಡಿ: ತೊಳೆಯಬೇಡಿ, ಹುಣಸೆಹಣ್ಣು ಬೇಡ, ಬೂದಿ ಬೇಡ, ಇಟ್ಟಿಗೆ ಪುಡಿಯಂತೂ ಬೇಡವೇ ಬೇಡ, ಬಟ್ಟೆಯಲ್ಲಿ ಸುತ್ತಿ ಹಾಗೆಯೇ ಇಡಿ ಎಂದು. ಹೋಗುವಾಗ ಒಂದು ಭೂತಗನ್ನಡಿಯನ್ನೂ ಸಣ್ಣ ಟಾರ್ಚನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಬೆಳಕನ್ನು ನೇರವಾಗಿ ಬಿಡದೆ ಅಂಚಿನ ಮೇಲೆ ಓರೆಯಾಗಿ ಹಾಯಿಸಿದರೆ, ಅಳಿದುಹೋಗಿವೆ ಎಂದುಕೊಂಡ ಅಕ್ಷರಗಳೂ ನೆರಳಾಗಿ ಏಳುತ್ತವೆ.

ಹಾಗೆಯೇ ಎದ್ದವು. ಸಂಖ್ಯೆಯ ಮೊದಲ ಅಂಕಿ ಹೋಗಿತ್ತು. ಹೆಸರು ಗುಮಾಸ್ತನ ಇಂಗ್ಲಿಷಿನಲ್ಲಿ ವಕ್ರವಾಗಿದ್ದರೂ ಗುರುತು ಸಿಗುವಂತಿತ್ತು. ಹೆಸರಿನ ಹಿಂದೆ ‘ಡ್ರೈವರ್’ ಎಂಬುದರ ಮೊಟಕು ರೂಪ. ಮುಂದೆ ಮೈಸೂರು ಎಂಬ ಪದ, ಅದರ ಪಕ್ಕದಲ್ಲಿ ಲ್ಯಾನ್ಸರ್ಸ್ ಅಲ್ಲ, ಟ್ರಾನ್ಸ್‌ಪೋರ್ಟ್ ಕೋರ್.

ನಾನು ಎರಡು ಸಲ ಓದಿದೆ. ಮೈಸೂರು ಸಂಸ್ಥಾನ ಆ ಯುದ್ಧಕ್ಕೆ ಕಳಿಸಿದ್ದು ಲ್ಯಾನ್ಸರ್ಸ್ ಪಡೆಯನ್ನು ಮಾತ್ರವಲ್ಲ. ಸಾಮಾನು ಸಾಗಿಸುವ ಸಾರಿಗೆ ಪಡೆಯೊಂದನ್ನೂ ಕಳಿಸಿತ್ತು, ಅದು ಸೇವೆ ಮಾಡಿದ್ದು ಪ್ಯಾಲೆಸ್ತೀನಿನಲ್ಲಲ್ಲ, ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ. ಹೈಫಾದಲ್ಲಿ ಕುದುರೆ ಏರಿದವರ ಹೆಸರು ಚೌಕಗಳಿಗೆ ಬಂತು, ಬೆಂಗಳೂರಿನ ಜೆ.ಸಿ. ನಗರದ ಬಳಿ ಅವರಿಗೊಂದು ಸ್ಮಾರಕವೂ ಇದೆ. ಗಾಡಿ ಹೊಡೆದವರ ಬಗ್ಗೆ ಫ್ಲೆಕ್ಸ್ ಹಾಕಿಸುವವರು ಯಾರು? ಜಗಲಿಯ ಕಡೆಗೆ ಒಮ್ಮೆ ನೋಡಿದೆ. ಅಂಚು ಸವೆದಿದೆ, ಓದಲು ಆಗುತ್ತಿಲ್ಲ ಎಂದು ಹೇಳಿ ಎದ್ದುಬಿಡೋಣವೇ ಎಂಬ ಆಲೋಚನೆ ನಿಜವಾಗಿಯೂ ಬಂತು. ಪದಕ ಸಂಗ್ರಹಿಸುವವನು ಅಂಚಿನ ಬಗ್ಗೆ ಸುಳ್ಳು ಹೇಳಿದರೆ ಉಳಿಯುವುದಾದರೂ ಏನು ಎಂದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದ್ರೆ ಕುದುರೆ ಇರ್ಲಿಲ್ವಾ ಸಾರ್?” ಎಂದರು.

ಅಲ್ಲಿಯವರೆಗೆ ಒಳಕೋಣೆಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವರ ಸೋದರತ್ತೆ, ಎಂಬತ್ತೇಳರ ಮುದುಕಿ, ತಲೆ ಎತ್ತದೆಯೇ ಹೇಳಿದರು: “ಹೇಸರಗತ್ತೆ ಇತ್ತಲ್ಲೋ.”

ನಾನು ಅವರ ಹತ್ತಿರ ಹೋಗಿ ಕೂತೆ. ಪದಕದ ಒಡೆಯ ಇವರ ತಂದೆಯ ತಂದೆ. ಅವರ ಕೈಹಿಡಿದು ಸಂತೆಗೆ ಹೋದವರು ಇವರು. “ಅಮ್ಮಾ, ನಿಮ್ಮ ತಾತ ಯಾವ ಊರಿನ ಹೆಸರು ಹೇಳುತ್ತಿದ್ದರು?” ಎಂದು ಕೇಳಿದೆ.

“ಹೈಫಾ ಗೀಫಾ ನಂಗೊತ್ತಿಲ್ಲ ಕಣಪ್ಪ. ನಮ್ ತಾತ ಹೇಳ್ತಿದ್ದದ್ದು ಬಸರಾ. ಹಡಗಿನಾಗೆ ಹೋಗಿ ಬಸರಾದಾಗೆ ಇಳುದ್ರಂತೆ. ಎಲ್ಲಿ ನೋಡಿದ್ರೂ ಖರ್ಜೂರದ ಮರ. ಮಳೆ ಬಂದ್ರೆ ಕೆಸರು ಅಂದ್ರೆ ಕೆಸರು, ಹೇಸರಗತ್ತೆ ಹೊಟ್ಟೆಮಟ ಹೂತೋಗವಂತೆ. ಇದನ್ನ ಇವರಪ್ಪಂಗೂ ಹೇಳಿದೀನಿ, ಇವನಿಗೂ ಹೇಳಿದೀನಿ. ಪೇಪರ್ನಾಗೆ ಬಂದದ್ದನ್ನ ಕೇಳ್ತಾರೆ, ಮನೇಲಿ ಹೇಳಿದ್ದ ಕೇಳ್ತಾರಾ?”

ಯಜಮಾನರು, “ಅತ್ತೆ, ನೀವು ಬಸ್ರಾ ಅಂದಾಗ ನಾನು ಯಾವುದೋ ಬಸರೀಮರದ ಊರು ಅಂದ್ಕೊಂಡಿದ್ದೆ” ಎಂದು ನಾಚಿದರು.

ಮೆಸೊಪೊಟೇಮಿಯದ ಯುದ್ಧದ ಬಗ್ಗೆ ನಾನು ಓದಿದ್ದುಂಟು. 1914ರ ನವೆಂಬರಿನಲ್ಲಿ ಬಸ್ರಾ ಬ್ರಿಟಿಷರ ಕೈಗೆ ಬಂತು. ಮರುವರ್ಷ ಬಾಗ್ದಾದಿನ ಕಡೆಗೆ ಆತುರದಿಂದ ಏರಿಹೋದ ಸೈನ್ಯವು ಟೆಸಿಫೋನ್ ಬಳಿ ಪೆಟ್ಟು ತಿಂದು ಹಿಂದಿರುಗಿ, ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾಯಿತು. ಗಾಯಾಳುಗಳನ್ನು ಸಾಗಿಸಲು ಆಂಬುಲೆನ್ಸ್‌ಗಳು ಸಾಲದೆ, ಎರಡು ಹೇಸರಗತ್ತೆಗಳು ಎಳೆಯುವ, ಸ್ಪ್ರಿಂಗ್ ಇಲ್ಲದ ಎರಡು ಚಕ್ರದ ಸಾಮಾನಿನ ಗಾಡಿಗಳ ಮೇಲೆ ಮಲಗಿಸಿಕೊಂಡು ಬಂದರು. ಆ ಹಗರಣದ ವಿಚಾರಣೆಗೆ ಆಯೋಗವೇ ಕೂತು 1917ರಲ್ಲಿ ವರದಿ ಕೊಟ್ಟಿತು. ಈ ಮನೆಯ ತಾತ ಯಾವ ವರ್ಷ, ಯಾವ ದಾರಿಯಲ್ಲಿ ಗಾಡಿ ಹೊಡೆದರೆಂಬುದನ್ನು ಅಂಚು ಹೇಳುವುದಿಲ್ಲ. ಆದರೂ ಅಜ್ಜಿ ಮುಂದೆ ಹೇಳಿದ್ದು ನಾನು ವರದಿಯ ಸಾರಾಂಶದಲ್ಲಿ ಓದಿದ್ದಕ್ಕೆ ಎಷ್ಟು ಹತ್ತಿರವಾಗಿತ್ತೆಂದರೆ, ನಾನು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

“ಮೊದಲು ಮೂಟೆ ಹೊತ್ಕೊಂಡ್ ಹೋಗೋದಂತೆ. ಬರುವಾಗ ಏಟು ಬಿದ್ದೋರನ್ನ ಹಾಕ್ಕೊಂಡ್ ಬರೋದಂತೆ. ಗಾಡಿ ಅಲ್ಲಾಡಿದಾಗೆಲ್ಲ ‘ನಿಲ್ಸು, ನಿಲ್ಸು’ ಅನ್ನೋರಂತೆ. ಅವರು ಯಾವ್ ಭಾಷೆಯೋರೋ, ಏನೋ; ಅದೊಂದು ಮಾತ್ರ ತಾತಂಗೆ ತಿಳೀತಿತ್ತಂತೆ. ನಿಲ್ಸೋ ಹಂಗಿಲ್ವಲ್ಲ. ಹೊಡ್ಕೊಂಡೇ ಬಂದ್ನಂತೆ.” ಕಾಳುಗಳನ್ನು ಮೊರದ ಒಂದು ಕಡೆಗೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಊರಿಗೆ ಬಂದಮೇಲೆ ನಮ್ ತಾತ ಗಾಡಿ ಹತ್ತಿದ್ದನ್ನ ನಾನು ನೋಡಿಲ್ಲ ಕಣಪ್ಪ. ಸ್ವಂತ ಗಾಡಿ ಇತ್ತು. ಸಂತೆಗೆ ನಮ್ಮನ್ನೆಲ್ಲ ಕೂರಿಸಿ, ತಾನು ಎತ್ತಿನ ಪಕ್ಕದಾಗೆ ನಡ್ಕಂಡೇ ಬರೋನು. ಬೀರೂರಿಗೂ ಅಷ್ಟೆ.”

ಕಂಚಿನ ಪದಕದ ಜೊತೆ ಬೆಳ್ಳಿಯದೂ ಬಂದಿರಬೇಕಲ್ಲ, ಅದು ಎಲ್ಲಿ ಎಂದು ಕೇಳದಿರಲು ನನ್ನಿಂದ ಆಗಲಿಲ್ಲ. ಅಜ್ಜಿ ನಕ್ಕರು. ರಾಜನ ತಲೆಯಿದ್ದ ಆ ಬಿಲ್ಲೆಯನ್ನು ಇವರ ಮದುವೆಯ ವರ್ಷ ಅಕ್ಕಸಾಲಿಗನಿಗೆ ಕೊಟ್ಟು, ಅದಕ್ಕೆ ಇನ್ನಷ್ಟು ಬೆಳ್ಳಿ ಸೇರಿಸಿ, ಕಾಲಿನ ಚೈನು ಮಾಡಿಸಿದರಂತೆ. ಗಂಡ ತೀರಿಕೊಂಡು ತವರಿಗೆ ಬಂದ ಮೇಲೆ ಅದನ್ನೂ ಕರಗಿಸಿ ಮಕ್ಕಳಿಗೆ ಉಡಿದಾರ ಮಾಡಿಸಿದರು. ಒಳಗೆ ಹೋಗಿ, ಅರಿಶಿನ ಹತ್ತಿದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿ, ಉಡಿದಾರವನ್ನು ನನ್ನ ಅಂಗೈ ಮೇಲೆ ಇಟ್ಟರು. “ಮೂರು ಮಕ್ಕಳ ಸೊಂಟ ನೋಡಿದೆ ಇದು. ಇವನದೂ ಸೇರಿ.” ಬೆಳ್ಳಿಗೆ ಬೆಲೆ ಏರಿದಾಗಲೆಲ್ಲ ಈ ಪದಕಗಳು ಸಾವಿರಗಟ್ಟಲೆ ಮೂಸೆಗೆ ಹೋಗಿವೆ, ಅದನ್ನು ನೆನೆದು ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡವನು. ಆ ದಿನ ಉರಿಯಲಿಲ್ಲ. ಅಂಚಿಲ್ಲದ, ಹೆಸರಿಲ್ಲದ ಆ ಬೆಳ್ಳಿಯನ್ನು ಟಾರ್ಚು ಬಿಟ್ಟು ನೋಡಬೇಕೆಂದೂ ಅನ್ನಿಸಲಿಲ್ಲ.

ಊಟಕ್ಕೆ ಮುದ್ದೆ, ಹಿತಕಿದ ಅವರೆಬೇಳೆಯ ಸಾರು. ಇಂಥ ಸಾರಿನ ಮುಂದೆ ಹೆದ್ದಾರಿಯ ಹೋಟೆಲುಗಳ ಇಪ್ಪತ್ತು ಬಟ್ಟಲಿನ ಊಟವನ್ನು ನಿವಾಳಿಸಿ ಎಸೆಯಬೇಕು. ಪದಕವನ್ನು ಕೊಡುವಿರಾ ಎಂದು ನಾನು ಕೇಳಲಿಲ್ಲ. ಕುಂಕುಮ ಇಟ್ಟಿರುವುದಕ್ಕೆ ಬೆಲೆ ಕಟ್ಟುವ ವ್ಯಾಪಾರಿಗಳು ನಮ್ಮ ನಡುವೆ ಇಲ್ಲದಿಲ್ಲ. ಮನೆಯವರಿಗೆ ಐನೂರು ಕೊಟ್ಟು ಒಯ್ದು ಊರಾಚೆ ಹತ್ತು ಪಟ್ಟಿಗೆ ಮಾರುವವರನ್ನು ನಾನು ಬಲ್ಲೆ. ಅಂಥವರು ಬಂದರೆ ಏನು ಹೇಳಬೇಕೆಂದು ಯಜಮಾನರಿಗೆ ತಿಳಿಸಿದೆ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸುವುದಕ್ಕೆ 1972ರ ಪ್ರಾಚೀನ ವಸ್ತುಗಳ ಕಾಯಿದೆ ಅಡ್ಡಬರುತ್ತದೆಂಬುದನ್ನೂ ಹೇಳಿದೆ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ ಪಂಜಾಬಿನ ಸೈನಿಕರ ದಾಖಲೆ ಪುಸ್ತಕಗಳನ್ನು 2021ರಲ್ಲಿ ಅಂತರ್ಜಾಲಕ್ಕೆ ಏರಿಸಿದಾಗ, ಅಲ್ಲಿನ ಹಳ್ಳಿಗಳವರು ತಮ್ಮ ತಮ್ಮ ಮುತ್ತಾತಂದಿರನ್ನು ಹುಡುಕಿಕೊಳ್ಳಲು ಒಂದು ದಾರಿಯಾಯಿತು. ಈ ಮನೆಯಲ್ಲಿ ಆ ದಾಖಲೆ ಪುಸ್ತಕದ ಕೆಲಸವನ್ನು ಬಾಗಿಲಲ್ಲಿ ಕೂತು ಕಾಳು ಸುಲಿಯುವವರೇ ಮಾಡುತ್ತ ಬಂದಿದ್ದರು. ಹೋಗಿ ಕೇಳಿದವರು ಮಾತ್ರ ಇರಲಿಲ್ಲ.

ಬೀರೂರಿನ ನಿಲ್ದಾಣದವರೆಗೂ ಯಜಮಾನರು ಮೌನವಾಗಿಯೇ ಬೈಕು ಓಡಿಸಿದರು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊಬೈಲಿನ ನಕ್ಷೆಯಲ್ಲಿ ಬಸ್ರಾ ತೋರಿಸಿ ಎಂದರು. ತೋರಿಸಿದೆ. ಬೆರಳಿನಿಂದ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಸಮುದ್ರದಿಂದ ಎಷ್ಟು ದೂರ ಎಂದು ಅಳೆದು, “ಆ ಗಾಡಿಯದು ಒಂದು ಫೋಟೋ ಸಿಕ್ಕುತ್ತಾ ಸಾರ್?” ಎಂದು ಕೇಳಿದರು.

ಚಿಕ್ಕಮಗಳೂರಿನ ಎರಡು ದಿನ ಕಳೆದು ಮನೆ ಸೇರಿದ ಮೇಲೆ ಹುಡುಕಿದೆ. ಆ ಕಾಲದ ಒಂದು ಚಿತ್ರ ಸಿಕ್ಕಿತು: ಕೆಸರಿನಲ್ಲಿ ನಿಂತಿರುವ ಎರಡು ಹೇಸರಗತ್ತೆ, ಹಿಂದೆ ಖಾಲಿ ಗಾಡಿ, ಕಡಿವಾಣ ಹಿಡಿದ ಭಾರತೀಯನೊಬ್ಬ. ಕಳುಹಿಸಿದೆ. ಸಂಜೆ ಉತ್ತರ ಬಂತು. ‘ಅತ್ತೆಗೆ ತೋರಿಸಿದೆ ಸಾರ್. ಗಾಡಿ ಮೇಲೆ ಯಾರೂ ಇಲ್ವಲ್ಲ ಅಂದರು.’