ಮಳೆಗಾಲ ಅಲ್ವಾ ಸಾರ್

ಘಟ್ಟದ ಮೇಲಿನ ನಮಗೆ ಕಾರವಾರ ಅಂದರೆ ಮೊದಲು ನೆನಪಾಗುವುದು ಕಡಲಲ್ಲ, ಡಿಸಿ ಆಫೀಸು. ಗೋವಾ ಗಡಿಯ ಹತ್ತಿರ, ಜಿಲ್ಲೆಯ ಒಂದು ಮೂಲೆಯಲ್ಲಿ ಜಿಲ್ಲಾ ಕೇಂದ್ರ. ಶಿರಸಿಯಿಂದ ಸುಮಾರು 120 ಕಿಲೋಮೀಟರ್. ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ ಇದ್ದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟ ನಂಬಿಕೊಂಡು ಅವತ್ತೇ ಹೊರಡುವ ಧೈರ್ಯ ಯಾರಿಗೂ ಇಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತಲ್ಲ, ಅದರ ಮೇಲಂತೂ ಹಿಂದಿನ ದಿನವೇ ಹೋಗಿ ಉಳಿಯುವುದು ರೂಢಿಯಾಗಿದೆ. ಶಿರಸಿ ಬೇರೆ ಜಿಲ್ಲೆ ಆಗಲಿ ಅಂತ ಕೇಳುವವರು ಸುಮ್ನೆ ಕೇಳುತ್ತಿಲ್ಲ ಮಾರಾಯ್ರೇ.

ಹೋದ ಆಷಾಢದಲ್ಲಿ ಜಮೀನಿನ ಅಪೀಲಿಗೆಂದು ಭಾವ ಮತ್ತು ನಾನು ಹೋದಾಗ ಬಸ್ ಸ್ಟ್ಯಾಂಡಿಗೆ ಹತ್ತಿರ, ಬಾಡಿಗೆ ಒಂಬೈನೂರು ಅಂತ ಒಂದು ಲಾಡ್ಜ್ ಹಿಡಿದೆವು. ಹೆಸರು ಬೇಡ. ಮೊಬೈಲಿನಲ್ಲಿ ನೋಡಿದ್ದ ಫೋಟೊದಲ್ಲಿ ಬಿಳಿ ಬೆಡ್‌ಶೀಟು, ಅದರ ಮೇಲೆ ಹಂಸದ ಹಾಗೆ ಮಡಚಿಟ್ಟ ಟವೆಲು. ಆ ಹಂಸ ಯಾವ ಊರಿನ ಯಾವ ರೂಮಿನದೋ ದೇವರಿಗೇ ಗೊತ್ತು.

ಬಾಗಿಲು ತೆಗೆದ ಕೂಡಲೇ ಬೂಸಲು ವಾಸನೆ. ಅದನ್ನು ಮುಚ್ಚಲು ಹೊಡೆದ ಮಲ್ಲಿಗೆ ಸ್ಪ್ರೇ ಒಂದು ಕಡೆ, ಬಚ್ಚಲಿನಿಂದ ಡಾಂಬರು ಗುಳಿಗೆ ಇನ್ನೊಂದು ಕಡೆ, ಮೂರೂ ಸೇರಿ ತಲೆ ಹಿಡಿಯಿತು. ಕಿಟಕಿ ತೆಗೆಯೋಣ ಅಂದರೆ ಚಿಲಕ ತುಕ್ಕು ಹಿಡಿದು ಉದುರಿಹೋಗಿ, ಅದರ ಜಾಗದಲ್ಲಿ ನೀಲಿ ನೈಲಾನ್ ಹಗ್ಗ ಬಿಗಿದಿದ್ದರು. ಮಂಚದ ತಲೆಯ ಹತ್ತಿರ ಗೋಡೆಯ ಬಣ್ಣ ಹೊಪ್ಪಳಿಕೆ ಎದ್ದಿತ್ತು, ಬೆರಳು ತಾಗಿಸಿದರೆ ಬಿಳಿ ಪುಡಿ ದಿಂಬಿನ ಮೇಲೆ. ಬೆಡ್‌ಶೀಟ್ ಎತ್ತಿ ನೋಡಿದ ಭಾವ ಏನೂ ಹೇಳದೆ ಮತ್ತೆ ಮುಚ್ಚಿಬಿಟ್ಟರು.

ಕೆಳಗೆ ಹೋಗಿ ಕೌಂಟರಿನಲ್ಲಿ ಹೇಳಿದೆ. ಮ್ಯಾನೇಜರು ಫೋನಿನಲ್ಲಿ ಯಾರ ಹತ್ತಿರವೋ ಕೊಂಕಣಿಯಲ್ಲಿ ನಗುತ್ತಾ ಮಾತಾಡುತ್ತಿದ್ದವರು, ನನ್ನ ಕಡೆ ತಿರುಗಿ, "ಮಳೆಗಾಲ ಅಲ್ವಾ ಸಾರ್" ಅಂದರು. ಹಾಸಿಗೆ ಥಂಡಿ ಯಾಕೆ? ಮಳೆಗಾಲ. ಟಿವಿ ಯಾಕಿಲ್ಲ? ಮಳೆಗಾಲ. ಸರಿ, ಗೀಸರ್ ಲೈಟ್ ಉರಿಯುತ್ತದೆ, ನೀರು ಯಾಕೆ ಬಿಸಿಯಾಗುವುದಿಲ್ಲ? ಸ್ವಲ್ಪ ಯೋಚಿಸಿ ಅದಕ್ಕೂ ಮಳೆಗಾಲವನ್ನೇ ಹೇಳಿದರು.

"ನಮ್ಮೂರಲ್ಲಿ ಎಂತ ಬಿಸ್ಲು ಬಿದ್ದಿದ್ದಾ ಭಾವಾ?" ಅಂದರು ಭಾವ, ಮೆಟ್ಟಿಲು ಹತ್ತುವಾಗ.

ನನಗೆ ಸಿಟ್ಟು ಬಂದಿದ್ದು ಅಲ್ಲೇ. ಕಡಲ ಬದಿಯ ಕಟ್ಟಡದ ಕಷ್ಟ ಗೊತ್ತಿಲ್ಲ ಅಂತಲ್ಲ. ಚಿರೆಕಲ್ಲು ನೀರು ಕುಡಿಯುತ್ತದೆ, ಉಪ್ಪುಗಾಳಿಗೆ ಕಬ್ಬಿಣ ಬೇಗ ಹೋಗುತ್ತದೆ, ಗೋಡೆಗೆ ಒಮ್ಮೆ ಉಪ್ಪು ಸೇರಿದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಮೇಲೆ ಎಷ್ಟು ಬಣ್ಣ ಬಳಿದರೂ ಎದ್ದು ಬರುತ್ತದೆ. ಒಪ್ಪಿದೆ. ಆದರೆ ನಾವೂ ತಿಂಗಳುಗಟ್ಟಲೆ ಮಳೆಯಲ್ಲೇ ಇರುವವರು. ಬಚ್ಚಲೊಲೆಯ ಮೇಲೆ ದಾರ ಕಟ್ಟಿ ಬಟ್ಟೆ ಒಣಗಿಸುತ್ತೇವೆ, ಒಂದು ಗಳಿಗೆ ಬಿಸಿಲು ಕಂಡರೆ ಹಾಸಿಗೆ ಜಗಲಿಗೆ ಬರುತ್ತದೆ. ಆ ಕಿಟಕಿಗೆ ಹೊಸ ಚಿಲಕ ಹಾಕಿ ದಿನಾ ಒಂದು ತಾಸು ತೆಗೆದಿಟ್ಟು ಫ್ಯಾನ್ ಹಾಕಿದ್ದರೆ ಅರ್ಧ ವಾಸನೆ ಹೋಗುತ್ತಿತ್ತು. ಸ್ಪ್ರೇಗೆ ದುಡ್ಡಿದೆ, ಚಿಲಕಕ್ಕಿಲ್ಲ!

ರಾತ್ರಿ ಚಾದರ ನಮ್ಮದೇ, ದಿಂಬಿನ ಬದಲು ಪಂಚೆ ಸುತ್ತಿದ ಫೈಲು. ನಿದ್ದೆಯ ವಿಷಯ ಬಿಡಿ. ಬೆಳಿಗ್ಗೆ ಹೊರಗೆ ಸಣ್ಣ ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದು ಖಡಕ್ ಚಾ ಕುಡಿದ ಮೇಲೆ ಜೀವ ಬಂತು. ಆ ಹೋಟೆಲಿಗೂ ಹಂಚಿನ ಮಾಡು, ಅಲ್ಲೂ ಮಳೆ ಸೋರುತ್ತಿತ್ತು, ಆದರೆ ಸೋರುವಲ್ಲಿ ಬಕೆಟ್ ಇಟ್ಟಿದ್ದರು, ಮೇಜು ಒರೆಸಿಟ್ಟಿದ್ದರು.

ರೂಮು ಬಿಡುವಾಗ ಬಾಡಿಗೆಯ ಮೇಲೆ ಜಿಎಸ್‌ಟಿ ಅಂತ ಜಾಸ್ತಿ ಕೇಳಿದರು. 2022ರ ಜುಲೈ 18ರಿಂದ ಸಾವಿರಕ್ಕಿಂತ ಕಡಿಮೆ ಬಾಡಿಗೆಯ ರೂಮಿಗೂ ತೆರಿಗೆ ಬಂದಿದೆ, ಕೊಡೋಣ. ಆದರೆ ಕೈಗಿತ್ತಿದ್ದು ನೋಟ್‌ಬುಕ್ಕಿನಿಂದ ಹರಿದ ಚೀಟಿ, ಅದರಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ಸರಿಯಾದ ಬಿಲ್ ಕೊಡಿ ಅಂದೆ.

"ಪ್ರಿಂಟರ್ ನಡೀತಾ ಇಲ್ಲ ಸಾರ್, ಮಳೆಗಾಲ..."

ಬಿಲ್ ಇಲ್ಲ ಅಂದರೆ ತೆರಿಗೆಯೂ ಇಲ್ಲ ಅಂತ ಭಾವ ಒಂಬೈನೂರು ಎಣಿಸಿ ಮೇಜಿನ ಮೇಲಿಟ್ಟರು. ಮ್ಯಾನೇಜರು ತುಟಿ ಪಿಟಕ್ಕೆನ್ನದೆ ತೆಗೆದುಕೊಂಡರು.

ವಿಚಾರಣೆ ಮುಂದಕ್ಕೆ ಹೋಯಿತು. ಭಾವ ಅಲ್ಲೇ ಡಿಸಿ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಮುಂದಿನ ತಾರೀಕಿಗೆ ಅಂಕೋಲಾದ ನೆಂಟರ ಮನೆಗೆ ಫೋನ್ ಹಚ್ಚಿದರು.