ಕಾಲ್ಪನಿಕ ಟ್ರೇಡ್ ಹಾಳೆ: ದಿನಾಂಕದ ಕಾಲಂ ಮುಗಿದಿದೆ, ಪ್ಲೇಆಫ್ ಪರೀಕ್ಷೆ ನಡೆಯುತ್ತಿದೆ

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಲೀಗ್) ಐಸ್ ಹಾಕಿಯ, ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲಿನ, ಕಾಲ್ಪನಿಕ ಟ್ರೇಡ್‌ಗಳನ್ನು ಪರೀಕ್ಷಿಸುವ ಸ್ಪ್ರೆಡ್‌ಶೀಟ್ ಈಗ ಒಂದು ಹದಕ್ಕೆ ಬಂದಿದೆ. ಹೋಗುವವರು, ಬರುವವರು, ದಿನಾಂಕ, ಈ ಮೂರನ್ನು ತುಂಬಿದರೆ ಟ್ರೇಡ್ ಆಗುತ್ತದೋ ಇಲ್ಲವೋ ಹೇಳುತ್ತದೆ. ಆಗದಿದ್ದರೆ ಯಾವ ನಿಯಮ ಅಡ್ಡ ಬಂತು ಎಂದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಮೊದಲ ಆವೃತ್ತಿಯಲ್ಲಿದ್ದದ್ದು ಬರೀ ಕೂಡು-ಕಳೆ. ಈ ಸಲ ಸೇರಿದ್ದು ದಿನಾಂಕ. ಯಾವ ದಿನದ ಟ್ರೇಡ್ ಎಂದು ಹೇಳದೆ "ಆ ತಂಡಕ್ಕೆ ಕ್ಯಾಪ್ (ಸಂಬಳದ ಮಿತಿ) ಜಾಗ ಇಲ್ಲ" ಎಂದು ವಾದಿಸುವುದರಲ್ಲಿ ಅರ್ಥವೇ ಇಲ್ಲ.

ಲೆಕ್ಕವೆಲ್ಲ 2025-26ರ ಸೀಸನ್‌ದು. ಮೊತ್ತಗಳು ಮಿಲಿಯನ್ ಡಾಲರ್‌ನಲ್ಲಿವೆ. ಒಂದು ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿ 95.5, ಕೆಳಮಿತಿ 70.6, ಆಟಗಾರನ ಕನಿಷ್ಠ ಸಂಬಳ 0.775. ಸೀಸನ್ 2025ರ ಅಕ್ಟೋಬರ್ 7ರಿಂದ 2026ರ ಏಪ್ರಿಲ್ 16ರವರೆಗೆ, ಒಟ್ಟು 192 ದಿನ. ಟ್ರೇಡ್ ಗಡುವು ಮಾರ್ಚ್ 6.

ದಿನದ ಲೆಕ್ಕ

ಒಪ್ಪಂದದ ಒಟ್ಟು ಮೊತ್ತವನ್ನು ಅದರ ವರ್ಷಗಳಿಂದ ಭಾಗಿಸಿದರೆ ಬರುವುದೇ ಕ್ಯಾಪ್ ಹಿಟ್. ಐಪಿಎಲ್‌ನಲ್ಲಿ ಆಟಗಾರನ ಬೆಲೆ ಹರಾಜಿನ ದಿನವೇ ಇಡಿಯಾಗಿ ಪರ್ಸ್‌ನಿಂದ ಕಳೆದುಹೋಗುತ್ತದೆ. ಇಲ್ಲಿ ಹಾಗಲ್ಲ, ಕ್ಯಾಪ್ ಹಿಟ್ ದಿನದಿನಕ್ಕೆ ಬೀಳುತ್ತದೆ. 5.0 ಹಿಟ್ ಇರುವ ಆಟಗಾರನಿಗೆ ದಿನಕ್ಕೆ 26,042 ಡಾಲರ್. ಅವನನ್ನು ಮಾರ್ಚ್ 6ಕ್ಕೆ ತಂದರೆ ಉಳಿದಿರುವುದು 42 ದಿನ, ಹೊಸ ತಂಡಕ್ಕೆ ಬೀಳುವುದು 1.094 ಅಷ್ಟೇ.

ಹಾಳೆಯ ಸೂತ್ರ ಇದು: ಸೀಸನ್ ಕೊನೆಗೆ ಉಳಿಯಲಿರುವ ಜಾಗ × 192 ÷ ಉಳಿದ ದಿನ. ಮೊದಲ ದಿನದಿಂದಲೂ 1.0 ಜಾಗ ಖಾಲಿ ಬಿಟ್ಟುಕೊಂಡು ಬಂದ ತಂಡ ಅಕ್ಟೋಬರ್ 7ಕ್ಕೆ 1.0 ಹಿಟ್‌ನ ಆಟಗಾರನನ್ನು ಮಾತ್ರ ತರಬಹುದು. ಜನವರಿ 1ಕ್ಕೆ 106 ದಿನ ಉಳಿದಿರುತ್ತವೆ, ಅದೇ ಜಾಗದಲ್ಲಿ 1.811 ಹಿಡಿಯುತ್ತದೆ. ಮಾರ್ಚ್ 6ಕ್ಕೆ 4.571. ಆಟಗಾರನನ್ನು ಕೊಟ್ಟು ತರುವುದಾದರೆ ವ್ಯತ್ಯಾಸವನ್ನು ಮಾತ್ರ ಈ ಸೂತ್ರಕ್ಕೆ ಹಾಕಬೇಕು. 2.0 ಹೋಗಿ 6.0 ಬಂದರೆ 4.0 × 42 ÷ 192 = 0.875, ಅಂದರೆ 1.0 ಜಾಗದೊಳಗೆ ಆರಾಮವಾಗಿ ಕೂರುತ್ತದೆ.

ಈ ಗುಣಕ (192 ÷ ಉಳಿದ ದಿನ) ಎಲ್ಲಿ ಕೈಕೊಡುತ್ತದೆ? ಮೊದಲನೆಯದು, ಟ್ರೇಡ್ ನಡೆದ ದಿನ ಯಾರ ಲೆಕ್ಕಕ್ಕೆ ಎಂಬುದು. ಹಾಳೆ ಅದನ್ನು ಹೊಸ ತಂಡಕ್ಕೆ ಹಾಕುತ್ತದೆ. 42ರ ಬದಲು 41 ಎಂದು ಹಿಡಿದರೆ 4.571 ಇದ್ದದ್ದು 4.683 ಆಗುತ್ತದೆ, ಒಂದೇ ದಿನಕ್ಕೆ ಒಂದು ಲಕ್ಷ ಡಾಲರ್ ಮೀರಿದ ವ್ಯತ್ಯಾಸ. ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ, ಅದು ಕಾಲ್‌ಅಪ್. ಗಾಯಾಳು ಸಾಮಾನ್ಯ ಇಂಜುರಿ ಪಟ್ಟಿಯಲ್ಲಿದ್ದರೂ ಅವನ ಹಿಟ್ ಬೀಳುತ್ತಲೇ ಇರುತ್ತದೆ, ಜೊತೆಗೆ ಕೆಳಹಂತದ ಲೀಗ್ ಎಎಚ್‌ಎಲ್‌ನಿಂದ ಕರೆಸಿದವನದೂ ಬೀಳುತ್ತದೆ. 0.775ರ ಹುಡುಗನನ್ನು 30 ದಿನ ಇಟ್ಟುಕೊಂಡರೆ ಖರ್ಚು 0.121. ಗಡುವಿನ ದಿನ ನೋಡಿದರೆ ಅದೇ 0.121 ಖರೀದಿ ಶಕ್ತಿಯಿಂದ 0.55ರಷ್ಟನ್ನು ಕಿತ್ತುಕೊಂಡಿರುತ್ತದೆ. ಆದ್ದರಿಂದ "ಉಳಿಯಲಿರುವ ಜಾಗ" ಎಂಬ ಅಂಕಣವನ್ನು ಅಕ್ಟೋಬರ್‌ನಲ್ಲಿ ಒಮ್ಮೆ ತುಂಬಿ ಬಿಟ್ಟರೆ ಸಾಲದು, ರೋಸ್ಟರ್ ಬದಲಾದಾಗಲೆಲ್ಲ ಮತ್ತೆ ಲೆಕ್ಕ ಹಾಕಬೇಕು.

ಮೂರನೆಯದು ಎಲ್‌ಟಿಐಆರ್, ಅಂದರೆ ಕನಿಷ್ಠ 10 ಪಂದ್ಯ ಮತ್ತು 24 ದಿನ ಹೊರಗಿರುವ ಗಾಯಾಳುಗಳ ಪಟ್ಟಿ. ಅದರ ರಿಯಾಯಿತಿ ಬಳಸಿ ಮೇಲ್ಮಿತಿ ದಾಟಿದ ತಂಡಕ್ಕೆ ದಿನದಿನದ ಜಾಗ ಕೂಡಿಕೊಳ್ಳುವುದಿಲ್ಲ. ಅಲ್ಲಿ 4.571 ಎಂಬ ಗುಣಕವೇ ಇಲ್ಲ, ಮಾರ್ಚ್ 6ರಂದೂ 5.0 ಹಿಟ್ ಎಂದರೆ ಪೂರ್ತಿ 5.0. ಹಾಳೆಯಲ್ಲಿ ಇದಕ್ಕೊಂದು ಹೌದು/ಇಲ್ಲ ಕೋಶವಿದೆ. "ಹೌದು" ಎಂದರೆ ಸೂತ್ರ ತಾನಾಗಿ ಪೂರ್ಣ ಹಿಟ್‌ಗೆ ತಿರುಗುತ್ತದೆ. ಈ ಸೀಸನ್‌ನಿಂದ ರಿಯಾಯಿತಿಯೂ ಬಿಗಿಯಾಗಿದೆ. ಗಾಯಾಳು ಪ್ಲೇಆಫ್ ಸೇರಿ ಇಡೀ ಸೀಸನ್‌ಗೆ ಹೊರಗೆ ಎಂದು ಘೋಷಿಸದಿದ್ದರೆ, ಹಿಂದಿನ ಸೀಸನ್‌ನ ಲೀಗ್ ಸರಾಸರಿ ಸಂಬಳದಷ್ಟು ಮಾತ್ರ ಸಿಗುತ್ತದೆ. 10.0ರ ತಾರೆ ಗಾಯಗೊಂಡ ಕೂಡಲೇ 10.0 ಜಾಗ ಬಂತು ಎಂದುಕೊಂಡು ಕಟ್ಟುವ ಟ್ರೇಡ್‌ಗಳು ಇಲ್ಲಿಯೇ ಬೀಳುತ್ತವೆ.

ರಿಟೆನ್ಷನ್

ಕಳಿಸುವ ತಂಡ ಆಟಗಾರನ ಸಂಬಳದಲ್ಲಿ ಗರಿಷ್ಠ ಶೇ. 50ರಷ್ಟನ್ನು ತನ್ನಲ್ಲೇ ಉಳಿಸಿಕೊಳ್ಳಬಹುದು. ಒಂದು ತಂಡಕ್ಕೆ ಏಕಕಾಲಕ್ಕೆ ಇಂಥ ಮೂರು ಒಪ್ಪಂದ, ಒಟ್ಟು ಮೊತ್ತ ಮೇಲ್ಮಿತಿಯ ಶೇ. 15, ಈ ವರ್ಷಕ್ಕೆ 14.325. ಒಂದು ಒಪ್ಪಂದಕ್ಕೆ ಎರಡು ಸಲ ಮಾತ್ರ ರಿಟೆನ್ಷನ್.

ಎರಡನೆಯದು ಉಳಿದ ಭಾಗದ ಮೇಲೆ ಬೀಳುತ್ತದೆ, ಮೂಲ ಮೊತ್ತದ ಮೇಲಲ್ಲ. 2023ರ ಫೆಬ್ರುವರಿಯಲ್ಲಿ ರಯಾನ್ ಒರೈಲಿ ಟೊರಾಂಟೊಗೆ ಹೋದಾಗ 7.5ರಲ್ಲಿ ಸೇಂಟ್ ಲೂಯಿಸ್ ಅರ್ಧ ಉಳಿಸಿಕೊಂಡಿತು, 3.75 ಆಯಿತು. ನಡುವೆ ಬಂದ ಮಿನ್ನೆಸೋಟ ಅದರಲ್ಲಿ ಅರ್ಧ ಹೊತ್ತುಕೊಂಡಿತು. ಟೊರಾಂಟೊ ಲೆಕ್ಕಕ್ಕೆ ಬಿದ್ದದ್ದು 1.875. ಹಾಳೆಯಲ್ಲಿ ಇದನ್ನು 7.5 × 0.5 × 0.5 ಎಂದು ಎರಡು ಕೋಶಗಳಲ್ಲಿ ತುಂಬಬೇಕು. 25 ಎಂದು ನೇರ ಹಾಕಿದರೆ ಎರಡನೇ ಕೋಶ ಉಳಿದ ಮೊತ್ತದ ಕಾಲು ಭಾಗವನ್ನಷ್ಟೇ ಕಳೆಯುತ್ತದೆ, ಉತ್ತರ 2.8125 ಬರುತ್ತದೆ.

ಇವತ್ತು ಆ ಟ್ರೇಡ್ ಅದೇ ರೂಪದಲ್ಲಿ ಆಗುವುದಿಲ್ಲ. ಈಗಿನ ನಿಯಮದಂತೆ ಎರಡು ರಿಟೆನ್ಷನ್‌ಗಳ ನಡುವೆ ಸೀಸನ್‌ನ 75 ದಿನ ಕಳೆದಿರಬೇಕು. ಮಾರ್ಚ್ 6 ಸೀಸನ್‌ನ 151ನೇ ದಿನ. ಅಂದರೆ ಗಡುವಿನ ದಿನ ಎರಡನೇ ಸಲ ಕತ್ತರಿಸಬೇಕಾದರೆ ಮೊದಲನೆಯದು ಡಿಸೆಂಬರ್ ಮೂರನೇ ವಾರದೊಳಗೆ ಮುಗಿದಿರಬೇಕು. ಮೂರನೇ ತಂಡವನ್ನು ನಡುವೆ ತರುವ ದಾರಿ ಮಾತ್ರ ಮುಚ್ಚಿಲ್ಲ. 2025ರ ಜನವರಿ 24ರಂದು ಮಿಕ್ಕೊ ರಾಂಟನೆನ್ ಕೊಲರಾಡೊದಿಂದ ಕ್ಯಾರೊಲಿನಾಕ್ಕೆ ಹೋದಾಗ 9.25ರಲ್ಲಿ ಅರ್ಧ ಹೊತ್ತದ್ದು ಶಿಕಾಗೊ ಒಂದೇ. ಹಾಗಾಗಿ ಅದು ಒಂದೇ ರಿಟೆನ್ಷನ್, 75 ದಿನದ ಮಾತು ಬರುವುದಿಲ್ಲ. ಮಾರ್ಚ್ 7ಕ್ಕೆ ಅವನು ಡಲ್ಲಾಸ್‌ಗೆ ಹೋದಾಗಲೂ ಹಿಟ್ 4.625 ಆಗಿಯೇ ಇತ್ತು.

ಅದೇ ಡಲ್ಲಾಸ್ ಅವನಿಗೆ 8 ವರ್ಷಕ್ಕೆ 96 ಮಿಲಿಯನ್ ಕೊಟ್ಟಿತು, 2025-26ರಿಂದ ಹಿಟ್ 12.0. ಈ ಜಿಗಿತ ಕಾಣಲೆಂದೇ "ಮುಂದಿನ ವರ್ಷ" ಕಾಲಂ ಸೇರಿಸಿದ್ದೇವೆ. ಗಡುವಿನ ದಿನದ ಗುಣಕ ಈ ವರ್ಷದ ಹೊರೆಯನ್ನಷ್ಟೇ ಹಗುರ ಮಾಡುತ್ತದೆ. ಒಪ್ಪಂದದಲ್ಲಿ ಇನ್ನೂ ವರ್ಷ ಉಳಿದಿದ್ದರೆ ಜುಲೈ 1ರಿಂದ ಪೂರ್ತಿ ಮೊತ್ತ ಬಂದು ಕೂರುತ್ತದೆ. ಆ ಕಾಲಂನಲ್ಲಿ 2026-27ಕ್ಕೆ ಲೀಗ್ ಮೊದಲೇ ಪ್ರಕಟಿಸಿದ ಅಂದಾಜು ಮಿತಿ 104 ಇದೆ.

ಪ್ಲೇಆಫ್ ಪರೀಕ್ಷೆ

ಈಗ ಕೆಲಸ ನಡೆಯುತ್ತಿರುವುದು ಇಲ್ಲಿ, ಹಾಳೆಯ ಅತ್ಯಂತ ಕುತೂಹಲದ ಭಾಗವೂ ಇದೇ. 2020-21ರಲ್ಲಿ ನಿಕಿಟಾ ಕುಚೆರೊವ್ ಇಡೀ ಸೀಸನ್ ಎಲ್‌ಟಿಐಆರ್‌ನಲ್ಲಿದ್ದು ಪ್ಲೇಆಫ್‌ಗೆ ಮರಳಿದ, ಟ್ಯಾಂಪಾ ಬೇ ಸ್ಟಾನ್ಲಿ ಕಪ್ ಗೆದ್ದಿತು. ಆಗ ಪ್ಲೇಆಫ್‌ಗೆ ಕ್ಯಾಪ್ ಇರಲಿಲ್ಲ. ಈ ಸೀಸನ್‌ನಿಂದ ಇದೆ: ಪ್ರತಿ ಪಂದ್ಯಕ್ಕೂ ಕಣಕ್ಕಿಳಿಯುವ 20 ಜನರ ಒಟ್ಟು ಹಿಟ್ ಮೇಲ್ಮಿತಿಯೊಳಗಿರಬೇಕು. ರಿಟೆನ್ಷನ್, ಬೈಔಟ್ (ಹಣ ಕೊಟ್ಟು ಒಪ್ಪಂದ ಮುರಿಯುವುದು) ಮೊದಲಾದ ಸತ್ತ ಮೊತ್ತವೂ ಅದರಲ್ಲಿ ಸೇರುತ್ತದೆ. ಇಲ್ಲಿ ದಿನದ ಲೆಕ್ಕ ನಡೆಯುವುದಿಲ್ಲ, ಹಿಟ್ ಪೂರ್ತಿ ಹಿಡಿಯಬೇಕು.

ಹೀಗಾಗಿ ದಿನಾಂಕದ ಕಾಲಂ ಕೊಟ್ಟದ್ದನ್ನು ಪ್ಲೇಆಫ್ ಕಾಲಂ ಕಿತ್ತುಕೊಳ್ಳಬಹುದು. 23 ಜನಕ್ಕೆ 94.5 ಖರ್ಚು ಮಾಡಿದ, ಸತ್ತ ಮೊತ್ತವಿಲ್ಲದ ತಂಡವನ್ನು ತೆಗೆದುಕೊಳ್ಳಿ. ಮಾರ್ಚ್ 6ಕ್ಕೆ ಡ್ರಾಫ್ಟ್ ಪಿಕ್ (ಮುಂದೆ ಹೊಸ ಆಟಗಾರನನ್ನು ಆರಿಸುವ ಹಕ್ಕು) ಮಾತ್ರ ಕೊಟ್ಟು 4.5ರ ಆಟಗಾರನನ್ನು ತಂದಿತು. 4.571ರೊಳಗೆ ಇದೆ, ಹಾಳೆ ಹಸಿರು. ಗಡುವಿನ ನಂತರ ತಂಡದಲ್ಲಿ 23 ಜನರ ಮಿತಿಯೂ ಇಲ್ಲ. ಈಗ 24 ಜನ, ಒಟ್ಟು ಹಿಟ್ 99.0. ಪ್ಲೇಆಫ್‌ನಲ್ಲಿ ನಾಲ್ವರು ಹೊರಗೆ ಕೂರಬೇಕು. ಆ ನಾಲ್ವರೂ 0.775ರವರಾದರೆ ಕಳೆಯುವುದು 3.1, ಉಳಿಯುವುದು 95.9. ಕೆಂಪು! ನಾಲ್ವರಲ್ಲಿ ಒಬ್ಬ 1.25ರವನಾದರೆ 95.425, ಹಸಿರು. ಹಾಗಾಗಿ ಗಡುವಿನ ದಿನದ ಪ್ರಸ್ತಾವ ಬಂದರೆ "ಯಾರು ಹೊರಗೆ ಕೂರುತ್ತಾರೆ" ಎಂಬುದೂ ಅದರ ಭಾಗವಾಗಿರಲೇಬೇಕು. ಅಗ್ಗದ ನಾಲ್ಕನೇ ಲೈನ್ (ಕಡಿಮೆ ಹೊತ್ತು ಆಡುವ ಫಾರ್ವರ್ಡ್ ಗುಂಪು) ಇರುವ ತಂಡಕ್ಕೆ ಇದು ಹೆಚ್ಚು ಕಷ್ಟ, ಏಕೆಂದರೆ ಹೊರಗೆ ಕೂರಿಸಿದರೆ ಉಳಿಯುವ ಹಣವೇ ಕಡಿಮೆ.

ಈ ಪರೀಕ್ಷೆಗೆ 18 ಸ್ಕೇಟರ್, 2 ಗೋಲಿ (ಗೋಲ್ ಕೀಪರ್) ಎಂಬ ಷರತ್ತು ಹಾಕಿದ್ದೇವೆ. ಇಲ್ಲದಿದ್ದರೆ ಹಾಳೆ ದುಬಾರಿ ಗೋಲಿಯನ್ನೇ ಹೊರಗಿಟ್ಟು ಹಸಿರು ತೋರಿಸಿಬಿಡುತ್ತದೆ.

ಸಣ್ಣಪುಟ್ಟವು: ಎಎಚ್‌ಎಲ್‌ಗೆ ಕಳಿಸಿದ ಒನ್-ವೇ ಒಪ್ಪಂದದಿಂದ (ಎರಡೂ ಲೀಗಿನಲ್ಲಿ ಒಂದೇ ಸಂಬಳ) ಕಳೆಯುವುದು 1.15 ಮಾತ್ರ, 3.0ರವನನ್ನು ಕಳಿಸಿದರೂ 1.85 ಉಳಿಯುತ್ತದೆ. ಒಂದು ತಂಡಕ್ಕೆ 50 ಒಪ್ಪಂದಗಳ ಮಿತಿ ಸೇರಿದೆ. ನೋ-ಟ್ರೇಡ್ ಕಲಂ ಇದ್ದರೆ ಕೋಶ ಹಳದಿಯಾಗುತ್ತದೆ, ಆಟಗಾರನ ಒಪ್ಪಿಗೆಯನ್ನು ಸೂತ್ರದಿಂದ ಹೇಳಲಾಗದು.

ಮುಂದಿನದು ಬೈಔಟ್ ಪುಟ. 26 ವಯಸ್ಸು ತುಂಬಿದವನಿಗೆ ಉಳಿದ ಸಂಬಳದ ಮೂರನೇ ಎರಡು ಭಾಗ, ಉಳಿದ ವರ್ಷಗಳ ಎರಡರಷ್ಟು ಕಾಲ. ಬೋನಸ್ ಇಲ್ಲದೆ 6.0ರಂತೆ 2 ವರ್ಷ ಉಳಿದಿದ್ದರೆ 12ರಲ್ಲಿ 8, ನಾಲ್ಕು ವರ್ಷಕ್ಕೆ 2.0ರಂತೆ. ಇದು ಸುಲಭ. ತೊಡಕಿರುವುದು ಸೈನಿಂಗ್ ಬೋನಸ್ ಇದ್ದಾಗ, ಅದಕ್ಕೆ ಬೈಔಟ್‌ನಲ್ಲಿ ಕಡಿತವಿಲ್ಲ. ಆದ್ದರಿಂದ ಪ್ರತಿ ಒಪ್ಪಂದಕ್ಕೂ ಸಂಬಳ, ಬೋನಸ್ ಎರಡನ್ನೂ ವರ್ಷವಾರು ಬೇರೆ ಬೇರೆ ತುಂಬುವ ಕೆಲಸ ಬಾಕಿ ಇದೆ. ಅದು ಮುಗಿಯುವವರೆಗೆ ಬೈಔಟ್ ಒಳಗೊಂಡ ಪ್ರಸ್ತಾವಗಳಿಗೆ ಹಾಳೆ ಹಸಿರೂ ಕೆಂಪೂ ತೋರಿಸದೆ ಖಾಲಿ ಬಿಡುತ್ತದೆ.