ಕಾದಂಬರಿ ಎಲ್ಲಿಗೆ ಬಂತು: ಮಳೆಗಾಲದ ವರದಿ

ಜೂನ್ 2025

ಮಂಡಿಯಲ್ಲಿ ಈಗ ಸ್ವಲ್ಪ ಉಸಿರಾಡಲು ಬಿಡುವು. ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಡಿಸೆಂಬರ್‌ನಿಂದ ಮೇ ತನಕ ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಬಗೆಬಗೆಯ ಅಡಿಕೆಯ ಮೂಟೆ ಬರುತ್ತಲೇ ಇರುತ್ತವೆ. ಅಡಿಕೆ ಮಾರಾಟದ ಟೆಂಡರ್ ಇದ್ದ ದಿನ ಮನೆ ಸೇರುವಾಗ ಕತ್ತಲಾಗಿರುತ್ತದೆ. ಆಮೇಲೆ ಅಡುಗೆ, ಮಗಳ ಹೋಂವರ್ಕ್. ಆ ತಿಂಗಳುಗಳಲ್ಲಿ ಹೊಸ ಪುಟ ಬರೆದೇ ತೀರುತ್ತೇನೆ ಅಂತ ಹಠ ಹಿಡಿಯುವುದಿಲ್ಲ. ಆದರೆ ತೂಕದ ಹಳೇ ಚೀಟಿಗಳನ್ನು ಎಸೆಯುವುದಿಲ್ಲ. ಅವುಗಳ ಹಿಂಬದಿಯಲ್ಲಿ ಕಾದಂಬರಿಗೆ ಬೇಕಾದ ಏನಾದರೂ ಒಂದನ್ನು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ. ಮಂಡಿಗೆ ಬಂದ ಅಜ್ಜ ಒಬ್ಬರು ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತಾ ಲೆಕ್ಕ ಹಾಕಿದ್ದು, ಅಡಿಕೆಯನ್ನು ಹಲ್ಲಿನಲ್ಲಿ ಕಡಿದು ಒಳಗಿನ ಬಣ್ಣ ನೋಡಿದ್ದು, ಹಣ ಎಣಿಸುವ ಮೊದಲು ಅದನ್ನು ಕಣ್ಣಿಗೆ ಒತ್ತಿಕೊಂಡಿದ್ದು. ಈ ತಿಂಗಳು ಆ ಡಬ್ಬಿ ತೆಗೆದು ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಅರ್ಧದಷ್ಟು ಉಪಯೋಗಕ್ಕೆ ಬರುವಂಥವು.

ಈ ವರದಿಯನ್ನು ಮೊದಲ ಸಲ ಓದುವವರಿಗೆ ಹೇಳಿಬಿಡುತ್ತೇನೆ. ಕಾದಂಬರಿ ನಡೆಯುವುದು 1964ರಲ್ಲಿ, ಶರಾವತಿ ದಂಡೆಯ ಒಂದು ಕಲ್ಪನೆಯ ಊರಿನಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುವ ಮೊದಲಿನ ಕೊನೆಯ ಬೇಸಿಗೆ, ಕೊನೆಯ ಮಳೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಾತ್ರ. ಮುಳುಗಡೆಯ ಪೂರ್ತಿ ಚರಿತ್ರೆ ಬರೆಯುವುದು ನನ್ನ ಆಸೆಯಲ್ಲ. ಹೋಗಲೇಬೇಕು ಅಂತ ಗೊತ್ತಿದ್ದವರು ಆ ಐದು ತಿಂಗಳು ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಿದ್ದರು? ನನಗೆ ಬೇಕಾಗಿರುವುದು ಅದು.

ಈಗ ಸುಮಾರು 31,000 ಪದ ಆಗಿದೆ. ಡೆಮಿ 1/8 ಅಳತೆಯ ಪುಟಕ್ಕೆ 250 ಪದ ಅಂತ ಇಟ್ಟುಕೊಂಡರೆ 124 ಪುಟ. 200 ಪುಟದ ಪುಸ್ತಕ ಆಗಬೇಕಾದರೆ ಇನ್ನೂ 19,000 ಪದ ಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಈ ಲೆಕ್ಕ ಬರೆದಿಟ್ಟಿದ್ದೇನೆ. ಹಾಲಿನ ಲೆಕ್ಕವೂ ಅದರಲ್ಲೇ ಇದೆ.

ಜುಲೈ

ಮಳೆ ಜೋರು. ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಬೆಳಗಿನ ಜಾವ ಎದ್ದು ಬರೆಯುವ ನನ್ನ ಕ್ರಮಕ್ಕೆ ಇದರಿಂದ ತೊಂದರೆ ಇಲ್ಲ, ಕೈಬರಹಕ್ಕೆ ಎಮರ್ಜೆನ್ಸಿ ಲೈಟ್ ಸಾಕು. ಬೆಳಗಿನ ಕಾಫಿ ಈಗ ನಮ್ಮನೆಯವರ ಜವಾಬ್ದಾರಿ. ಲೋಟ ತಂದು ಪಕ್ಕದಲ್ಲಿಟ್ಟು ಮಾತಾಡದೆ ಹೋಗುತ್ತಾರೆ. ಆ ಮಾತಾಡದಿರುವುದು ದೊಡ್ಡ ಸಹಾಯ.

ಈ ತಿಂಗಳ ದೊಡ್ಡ ಕೆಲಸ ಬರವಣಿಗೆ ಅಲ್ಲವೇ ಅಲ್ಲ. ಮೊದಲ ಆರು ಅಧ್ಯಾಯಗಳನ್ನು ಹಿಂದೆ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫೈಲನ್ನು ಮೊಬೈಲಿನಲ್ಲಿ ತೆಗೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಯೂನಿಕೋಡ್‌ಗೆ ಬದಲಾಯಿಸುವ ತಂತ್ರಾಂಶ ಇದೆ, ಒಂದು ನಿಮಿಷದ ಕೆಲಸ. ಆದರೆ ಬದಲಾದ ಮೇಲೆ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿರುತ್ತದೆ, ಒತ್ತಕ್ಷರ ಪಕ್ಕಕ್ಕೆ ಸರಿದಿರುತ್ತದೆ, ಉದ್ಧರಣ ಚಿಹ್ನೆ ಮಾಯವಾಗಿರುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಬೆರಳಿಟ್ಟು ಓದಬೇಕು. ಊಟ ಆದ ಮೇಲೆ ದಿನಾ ಒಂದಿಷ್ಟು ಪುಟ ಅಂತ ಓದುತ್ತಾ ಹೋದೆ.

ಇದರಿಂದ ಆದ ಲಾಭ ದೊಡ್ಡದು. ಆರು ತಿಂಗಳು ಬಿಟ್ಟಿದ್ದ ಕಾದಂಬರಿಗೆ ವಾಪಸ್ ಹೋಗುವುದು ಪ್ರತಿ ವರ್ಷ ನನಗೆ ತುಂಬಾ ಕಷ್ಟದ ಕೆಲಸ. ಪಾತ್ರಗಳ ದನಿ ಕೇಳಿಸುವುದಿಲ್ಲ, ಯಾರು ಯಾರ ಮೇಲೆ ಸಿಟ್ಟಾಗಿದ್ದರು ಅಂತಲೂ ಮರೆತಿರುತ್ತದೆ. ಸುಮ್ನೆ ಖಾಲಿ ಹಾಳೆ ಮುಂದೆ ಕೂತರೆ ಎರಡು ವಾರ ಹೋಗುತ್ತದೆ. ಈ ಸಲ ಅಕ್ಷರ ಅಕ್ಷರವಾಗಿ ಓದಿದ್ದರಿಂದ ನಾಲ್ಕನೇ ಅಧ್ಯಾಯ ಮುಗಿಯುವಷ್ಟರಲ್ಲಿ ದನಿಗಳು ವಾಪಸ್ ಬಂದವು. ಬರವಣಿಗೆ ನಿಂತವರಿಗೆ ನಾನು ಇದನ್ನೇ ಹೇಳುತ್ತೇನೆ. ಕಾದಂಬರಿಯಲ್ಲಿ ಕೈಯಿಂದ ಮಾಡುವ ಯಾವುದಾದರೂ ಕೆಲಸ ಹುಡುಕಿಕೊಳ್ಳಿ. ಕಾಗುಣಿತ ನೋಡಿ, ಊರಿನ ನಕ್ಷೆ ಬಿಡಿಸಿ, ಯಾವ ದಿನ ಯಾವ ವಾರ ಅಂತ ಪಟ್ಟಿ ಮಾಡಿ. ಸ್ಫೂರ್ತಿ ಬರಲಿ ಅಂತ ಕಾಯುವುದಕ್ಕಿಂತ ಇದು ಎಷ್ಟೋ ವಾಸಿ.

ದಿನಗಳ ಪಟ್ಟಿ ಮುಗಿದಿದೆ. 1964ರ ಮೇ 27, ಬುಧವಾರ, ನೆಹರೂ ತೀರಿಕೊಂಡ ದಿನ. ಊರಿನಲ್ಲಿ ಕರೆಂಟಿಲ್ಲ, ಬ್ಯಾಟರಿ ರೇಡಿಯೋ ಇರುವುದು ಒಂದೇ ಮನೆಯಲ್ಲಿ. ಮನೆ ಬಿಚ್ಚುತ್ತಿದ್ದವರು ತೊಲೆಯನ್ನು ಹಾಗೇ ಜಗುಲಿಗೆ ಆನಿಸಿ ಆ ಮನೆಯ ಅಂಗಳಕ್ಕೆ ಬರುತ್ತಾರೆ. ಒಂಬತ್ತನೇ ಅಧ್ಯಾಯ ಇದರ ಮೇಲೆ ನಿಂತಿದೆ. ಜನ ಆಗ ಹೇಳುತ್ತಿದ್ದುದು ಮೈಸೂರು ರಾಜ್ಯ ಅಂತ, ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ನಯಾಪೈಸೆ 1957ರಲ್ಲೇ ಬಂದಿದ್ದರೂ ಬಾಯಲ್ಲಿ ನಾಲ್ಕಾಣೆ, ಎಂಟಾಣೆಯೇ. ಇಂಥದ್ದನ್ನೆಲ್ಲ ಚಾರ್ಟ್ ಪೇಪರಿನ ಮೇಲೆ ಬರೆದು ಮೇಜಿನ ಮುಂದೆ ಅಂಟಿಸಿದ್ದೇನೆ. ಬರೆಯುವಾಗ ತಡೆದು ನಿಲ್ಲಿಸುವುದು ಇಂಥ ಸಣ್ಣ ಅನುಮಾನಗಳೇ ಜಾಸ್ತಿ.

ಇದೇ 14ರಂದು ಹೊಳೆಬಾಗಿಲಿನ ಸೇತುವೆ ಉದ್ಘಾಟನೆ ಆಯಿತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಲಿಂಗನಮಕ್ಕಿ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್. ಇಷ್ಟು ವರ್ಷ ಆ ದಡದ ತುಮರಿ ಕಡೆಯವರು ಲಾಂಚಿಗೆ ಕಾದು ಕಾದು ಓಡಾಡಿದವರು, ಅವರಿಗೆ ಇದು ಸಿಗಲೇಬೇಕಿತ್ತು. ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋದೆವು. ಕಾರು ಆ ದಡ ಮುಟ್ಟಲು ಕೆಲವೇ ನಿಮಿಷ. ಅತ್ತೆ ದಾರಿಯುದ್ದಕ್ಕೂ ನೀರು ನೋಡುತ್ತಿದ್ದರು. ಸೇತುವೆಯ ಮೇಲೆ ಕೊನೆಗೊಳ್ಳುವ ಒಂದು ಅಧ್ಯಾಯ ಸೇರಿಸು ಅಂತ ಸ್ನೇಹಿತೆಯೊಬ್ಬಳು ಹೇಳಿದಳು. ಯೋಚಿಸಿ ಬೇಡ ಅಂದೆ. ನನ್ನ ಊರಿನವರಿಗೆ 2025 ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಇದೇ ಹೊಳೆಗೆ ಕಟ್ಟಿ 1948ರಲ್ಲಿ ಮುಗಿದ ಮಡೆನೂರು ಅಣೆಕಟ್ಟು. ಈಗ ಅದೂ ಮುಳುಗುತ್ತದಂತೆ ಅನ್ನುವ ಸುದ್ದಿ ಕೇಳಿ ಅವರು ನಂಬುವುದಿಲ್ಲ. ಕಥೆ ಅಲ್ಲೇ ಇರಲಿ.

ಆಗಸ್ಟ್

ಹತ್ತು, ಹನ್ನೊಂದು, ಹನ್ನೆರಡನೇ ಅಧ್ಯಾಯಗಳ ಕರಡು ಆಯಿತು. ಮಳೆಗಾಲದಲ್ಲಿ ಇಷ್ಟು ಕೆಲಸ ಆದದ್ದು ಖುಷಿ ಕೊಟ್ಟಿದೆ.

ಬರೆದದ್ದನ್ನು ರಾತ್ರಿ ಅತ್ತೆಗೆ ಓದಿ ಹೇಳುತ್ತೇನೆ. ಅತ್ತೆಯ ತವರು ಮುಳುಗಿದ ಊರು, ಆಗ ಅವರಿಗೆ ಒಂಬತ್ತೋ ಹತ್ತೋ ವರ್ಷ. ಬತ್ತಿ ಹೊಸೆಯುತ್ತಾ ಕೇಳುತ್ತಾರೆ. ಸುಮಾರು ಕಡೆ ಏನೂ ಹೇಳುವುದಿಲ್ಲ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನಾನೂ ನಿಲ್ಲಿಸುತ್ತೇನೆ.

ಹನ್ನೆರಡನೇ ಅಧ್ಯಾಯದಲ್ಲಿ ಮಳೆ ಹಿಡಿದಿದೆ, ಮನೆಯ ಹೆಂಚು ಅರ್ಧ ಇಳಿಸಿದ್ದಾರೆ, ತೋಟದ ಕಡೆ ಯಾರೂ ಹೋಗುತ್ತಿಲ್ಲ ಅಂತ ಬರೆದಿದ್ದೆ. ಅತ್ತೆಯ ಕೈ ನಿಂತಿತು.

"ತೋಟಕ್ಕೆ ಹೋಗದೇ ಎಂತ ಕೂಸೇ. ಅಪ್ಪಯ್ಯ ಆ ವರ್ಷವೂ ಕೊಟ್ಟೆ ಕಟ್ಸಿದ್ದ."

ಅಡಿಕೆ ಬೆಳೆಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ, ಎಳೆಕಾಯಿ ಕೊಳೆತು ಉದುರಿಹೋಗುತ್ತದೆ. ಅದಕ್ಕೆ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ನೀರು ತಾಗದ ಹಾಗೆ ಕೊಟ್ಟೆ ಅನ್ನುವ ಹೊದಿಕೆ ಕಟ್ಟುತ್ತಾರೆ. ಈಗ ಪ್ಲಾಸ್ಟಿಕ್ಕಿನದು. ಕೊನೆ ಕೊಯ್ಯುವ ಕೆಲಸದ ಕೊನೆಗೌಡ ಒಂದೊಂದೇ ಮರ ಹತ್ತಿ, ಒಂದು ಕೈಯಲ್ಲಿ ಮರ ತಬ್ಬಿಕೊಂಡು, ಜಾರುವ ಮಳೆಯಲ್ಲಿ ಕಟ್ಟಬೇಕು. ಕೂಲಿ ಕೊಡಬೇಕು. ಇಷ್ಟೆಲ್ಲ ಮಾಡುವುದು ಆ ಅಡಿಕೆಯನ್ನು ಚಳಿಗಾಲದಲ್ಲಿ ಕೊಯ್ಯುವುದಕ್ಕೆ. ಆ ಚಳಿಗಾಲಕ್ಕೆ ತೋಟವೇ ಇರುವುದಿಲ್ಲ ಅಂತ ಗೊತ್ತಿದ್ದ ಮನುಷ್ಯ ಹಣ ಕೊಟ್ಟು ಕೊಟ್ಟೆ ಕಟ್ಟಿಸಿದ್ದಾರೆ.

ಯಾಕೆ ಅಂತ ಅತ್ತೆಯನ್ನು ಕೇಳಿದೆ. "ಮಳೆ ಬಂತಲೇ" ಅಂದರು, ಮತ್ತೆ ಬತ್ತಿ ಹೊಸೆಯತೊಡಗಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಇಷ್ಟು ದಿನ ಹುಡುಕುತ್ತಿದ್ದ ಮನುಷ್ಯ ಅತ್ತೆಯ ಆ ಅಪ್ಪಯ್ಯನೇ. ಬೆಳಿಗ್ಗೆ ಎದ್ದು ಹನ್ನೆರಡನೇ ಅಧ್ಯಾಯದ ಕೊನೆಯ ಎಂಟು ಪುಟ ತೆಗೆದು ಹೊಸದಾಗಿ ಶುರು ಮಾಡಿದೆ. ಅಳುವವರು, ಸರ್ಕಾರವನ್ನು ಬೈಯುವವರು, ದೇವರಲ್ಲಿ ಪ್ರಸಾದ ಕೇಳುವವರು ಎಲ್ಲ ಪಕ್ಕಕ್ಕೆ ಹೋದರು. ಮರದ ತುದಿಯಲ್ಲಿ ಕೊನೆಗೌಡ, ಬುಡದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ತಲೆ ಎತ್ತಿ ನೋಡುತ್ತಿರುವ ಯಜಮಾನ. ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರೂ ಆ ಮಾತು ಎತ್ತುವುದಿಲ್ಲ. "ಆ ಬಲಬದಿಯದ್ದು ಸಡಿಲ ಆಯ್ತು, ಇನ್ನೊಂದು ಸುತ್ತು ಹಾಕು" ಅನ್ನುತ್ತಾನೆ ಯಜಮಾನ. ಇಷ್ಟೇ ಮಾತು. ಬರೆಯುವಾಗ ನನ್ನ ಕೈ ನಡುಗುತ್ತಿತ್ತು.

ಸೆಪ್ಟೆಂಬರ್

ಹಬ್ಬ, ನೆಂಟರು, ಮಗಳಿಗೆ ಜ್ವರ. ಹೊಸ ಪುಟ ಕಡಿಮೆ. ಚೀಟಿ ಬರೆಯುವುದು ಮಾತ್ರ ನಿಲ್ಲಿಸಲಿಲ್ಲ.

ಒಂದು ಭಾನುವಾರ ನಮ್ಮ ತೋಟಕ್ಕೆ ಬರುವ ಕೊನೆಗೌಡರ ಜೊತೆ ಕೂತು ಮಾತಾಡಿದೆ. ಮರದಿಂದ ಮರಕ್ಕೆ ದಾಟುವಾಗ ಕಾಲು ಮೊದಲೋ ಕೈ ಮೊದಲೋ, ಮರ ಯಾವಾಗ ಜಾಸ್ತಿ ಜಾರುತ್ತದೆ, ಹಗ್ಗ ಎಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. "ಮೇಲೆ ಹೋದ ಮೇಲೆ ಕೆಳಗಿನವರ ಮಾತು ಸರಿಯಾಗಿ ಕೇಳುವುದಿಲ್ಲ ಅಕ್ಕಾ, ಕೈಸನ್ನೆ ನೋಡ್ತೇವೆ" ಅಂದರು. ಯಜಮಾನನ ಆ ಒಂದು ಮಾತನ್ನೂ ತೆಗೆದು ಕೈಸನ್ನೆ ಮಾಡಿದೆ. ಪುಟಕ್ಕೆ ಇನ್ನೂ ಬಲ ಬಂತು.

ಒಟ್ಟು ಈಗ 40,000 ಪದ ದಾಟಿದೆ. ದೀಪಾವಳಿ ಕಳೆದರೆ ಕೊನೆ ಕೊಯ್ಲು, ಆಮೇಲೆ ಮಂಡಿ. ಅಷ್ಟರೊಳಗೆ ಹದಿಮೂರು ಮತ್ತು ಹದಿನಾಲ್ಕನೇ ಅಧ್ಯಾಯ ಮುಗಿಸಬೇಕು. ಹದಿನಾಲ್ಕರಲ್ಲಿ ಪರಿಹಾರದ ಹಣ ಹಂಚುವ ದೃಶ್ಯವಿದೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆಗ ಸಾಲಿನಲ್ಲಿ ನಿಂತು ಆ ಹಣ ತಗೊಂಡವರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಮೇಜು ಎಲ್ಲಿ ಹಾಕಿದ್ದರು, ಹೆಬ್ಬೆಟ್ಟು ಒತ್ತಿದ ಮೇಲೆ ಬೆರಳಿನ ಮಸಿ ಯಾವುದರಲ್ಲಿ ಒರೆಸಿಕೊಂಡರು, ಹಣ ಯಾವುದರಲ್ಲಿ ಕಟ್ಟಿಕೊಂಡು ಮನೆಗೆ ತಂದರು, ಅವತ್ತು ಮನೆಯಲ್ಲಿ ಏನು ಅಡುಗೆ ಮಾಡಿದರು. ಇಂಥದ್ದು ಎಷ್ಟು ಸಣ್ಣದಿದ್ದರೂ ನನಗೆ ಬೇಕು.